ಮಹಡಿ ಕಂಬಿಯ ಕೆಂಪು ಟವಲು

ಎಷ್ಟು ತಣ್ಣಗಿದೆ ಈ ನೆಲ, ಕೆಳಗೆ ಕೆಲಸಗಾರರ ಲೈನ್ ಮನೆಗಳಲ್ಲಿ ತಾವೆಲ್ಲ ಬೆಂದು ಬದನೆಕಾಯಾಗುವಾಗ ದೊಡ್ಡ ಸಾಹೇಬರ ಬಂಗಲೆ ಹೀಗೇ ತಣ್ಣಗಿರುತ್ತಿತ್ತೇನೋ, ಮಿಲ್ಲು ಕಟ್ಟಿಸಿಕೊಟ್ಟ ಮನೆ, ಮಿಲ್ಲೇ ಹೋಯಿತು, ಈಗ ಇದನ್ನು ಉಳಿಸಬೇಕೋ ಕೆಡವಬೇಕೋ ಎಂದು ಹಳೇ ಕೆಲಸಗಾರರ ಮನೆಯವರನ್ನೆಲ್ಲ ಮಹಡಿಯ ಹಜಾರದಲ್ಲಿ ಕೂರಿಸಿ ಕೇಳುತ್ತಿದ್ದಾರೆ, ಪಕ್ಕದಲ್ಲಿ ಸೊಸೆಯ ಪಿಸುಮಾತು, ಅತ್ತೆ, ಕೆಡವಿ ಅಂದಾಗ ಕೈ ಎತ್ತಿ, ಮಾವನ ತೋಳು ಮುರಿಸಿದ ಮನೆ ಇದು, ಹೂಂ ಕಣೇ, ನಿನಗಿಂತ ಮೊದಲು ನನಗೆ ಗೊತ್ತು — ಕುಳಿತಲ್ಲಿ ಕೂರಲಾಗದೆ ಮುದುಕಿ ಎದ್ದು ಮೊಗಸಾಲೆಗೆ ಬಂದಳು, ಇದೇ ಕಂಬಿ, ಚಿಮಣಿ ಹೊಗೆ ಲೈನಿನ ಕಡೆ ತಿರುಗಿದರೆ ಸಾಹೇಬರ ಹೆಂಡತಿ ಅಮ್ಮಾವರು ಇಲ್ಲಿ ಕೆಂಪು ಟವಲು ಹಾಕುತ್ತಿದ್ದರು, ಬಂತ್ರೇ ಮಸಿ, ಎತ್ಕೊಳ್ರೇ ಎಂದು ಹೆಂಗಸರೆಲ್ಲ ಒಗೆದ ಬಟ್ಟೆ ಒಳಗೆಳೆಯುತ್ತಿದ್ದರು, ಒಮ್ಮೆ ಗಾಳಿಗೆ ಹಾರಿಬಂದ ಟವಲನ್ನು ಒಗೆದು ಹಿತ್ತಿಲ ಬಾಗಿಲಿಗೆ ಕೊಟ್ಟಾಗ ಅಮ್ಮಾವರು ಮಕ್ಕಳು ಚೆನ್ನಾಗಿದ್ದಾರೇನಮ್ಮ ಅಂದಿದ್ದರು, ಅಷ್ಟೇ ಮಾತು, ಆಮೇಲೆ ಮಿಲ್ಲಿಗೆ ಬೀಗ, ಗಂಡಸರೆಲ್ಲ ಗೇಟಿನ ಮುಂದೆ ಧರಣಿ, ಚಿಮಣಿ ತಣ್ಣಗೆ ನಿಂತಿದೆ, ಆದರೂ ಒಂದು ಬೆಳಿಗ್ಗೆ ಟವಲು! ಅಭ್ಯಾಸಬಲ, ಕೈಗಳು ತಾವಾಗಿ ಬಟ್ಟೆ ಎಳೆದುಕೊಂಡವು, ಆಮೇಲೆ ನಕ್ಕಿದ್ದೇ ನಕ್ಕಿದ್ದು, ಒಲೆ ಆರಿದ ಮನೆಗೆ ಹೊಗೆಯ ಭಯವೇನೇ, ಅಣಕಿಸ್ತಾಳೆ ನೋಡು ಮಹಾರಾಯ್ತಿ, ನಗು ಮುಗಿಯುವ ಮೊದಲೇ ಪೊಲೀಸ್ ವ್ಯಾನುಗಳು, ಲಾಠಿ, ನೇಯ್ಗೆ ಖಾತೆಯ ಗಂಡನ ತೋಳು ಮತ್ತೆ ಮಗ್ಗ ಹಿಡಿಯಲೇ ಇಲ್ಲ, ಸಾಯುವವರೆಗೂ ಅನ್ನುತ್ತಿದ್ದ, ನಮ್ಮನ್ನ ನೋಡಿ ನಕ್ಕಳು ಕಣೇ ಆಯಮ್ಮ — ಕೆಳಗೆ ಲೈನ್ ಮನೆಗಳ ಹೆಂಚು, ಮೊಂಡು ಚಿಮಣಿ, ಗೇಟು, ಅದರಾಚೆ ಗುಡ್ಡ, ಗುಡ್ಡದ ಬೆನ್ನಿಗೆ ಅದೇನದು, ರಸ್ತೆ, ಊರಿನಿಂದ ಬರುವ ರಸ್ತೆಯ ತಿರುವು, ಲೈನಿನಿಂದ ಯಾವತ್ತೂ ಕಾಣದ ತಿರುವು ಇಲ್ಲಿಂದ ಅಂಗೈಯಷ್ಟು ನಿಚ್ಚಳ, ಲಾರಿಯೊಂದು ಈಗ ಅದನ್ನು ಬಳಸಿ ಬರುತ್ತಿದೆ, ಅಯ್ಯೋ, ವ್ಯಾನುಗಳು ಅವರಿಗೆ ಕಂಡಿದ್ದವು, ಸಾಹೇಬರ ಹೆಂಡತಿ ಕೂಗುವಂತಿಲ್ಲ, ಇದ್ದದ್ದೊಂದೇ ಮಾತು, ಆ ಟವಲು, ಒಳಗೆ ಎಳೆದುಕೊಳ್ಳಿ, ಬಟ್ಟೆ ಎಳೆದುಕೊಂಡೆವಲ್ಲ ತಾಯೀ, ಗಂಡಂದಿರನ್ನು ಹೊರಗೇ ಬಿಟ್ಟು — ಕೆಡವಬೇಕು ಅನ್ನೋರು ಕೈ ಎತ್ತಿ, ಒಳಗಿನಿಂದ ದನಿ, ಅತ್ತೆ, ಕೈ, ಕೈ ಎತ್ತಿ, ಎದ್ದುಬಂದ ಸೊಸೆ ಸೆರಗು ಜಗ್ಗುತ್ತಿದ್ದಾಳೆ, ಎರಡೂ ಕೈ ಕಂಬಿಯನ್ನು ಬಿಡಲೊಲ್ಲವು, ಖಾಲಿ ಕಂಬಿ, ತುಕ್ಕು, ಗಾಳಿಯಿಲ್ಲ, ಹೊಗೆಯಿಲ್ಲ, ಕೆಂಪು ಟವಲು, ಹೊಗೆಯಿಲ್ಲದ ಬೆಳಿಗ್ಗೆ ಕೆಂಪು ಟವಲು, ಕೆಂಪು ಟವಲು