ಹನ್ನೊಂದನೇ ನಂಬರಿನ ದೀಪ

ನಾಗರಾಜಪ್ಪ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ. ಗಂಟು ಮೂರನೇ ಸಲ ಸಡಿಲವಾಯಿತು. "ಥೂ" ಎಂದು ಹಗ್ಗ ಎಸೆದ.

"ಹೆಣದ ಮುಂದೆ ಉಗೀತೀಯೇನಲೇ?" ಕಡ್ಲೆಕಾಯಿ ಮಂಡಿಯ ಬೀರಪ್ಪ ಗದರಿದ.

"ಹಂಗಾದ್ರೆ ನೀನೇ ಬಿಗಿ ಬಾರಣ್ಣ, ನೋಡಾಣ."

ಒಳಗೆ ಪಾಲಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದ ಸ್ಟೂಲಿನ ಮೇಲೆ ಇಲಾಖೆ ಕೊಟ್ಟ ಕರಿ ಫೋನು. ಇಪ್ಪತ್ತೆರಡು ವರ್ಷ ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಮೆಕ್ಯಾನಿಕ್ಕಾಗಿದ್ದವನು ಬೆಳಗಿನ ಜಾವ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನಾಗರಾಜಪ್ಪ ಅವನ ಕೈಕೆಳಗೆ ಕೆಲಸ ಕಲಿತವನು. ಹೊಳಲ್ಕೆರೆಯಲ್ಲಿದ್ದ ಮಗಳು ಬೋರಕ್ಕನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮೂರು ಗಂಟೆಗೆ ಮಣ್ಣು ಎಂದು ಹಿರಿಯರು ಹೇಳಿಯಾಗಿತ್ತು. ತಂತಿ ಕೊಟ್ಟರೆ ಸೇರುವುದು ನಾಳೆ. ಟ್ರಂಕ್ ಕಾಲ್ ಒಂದೇ ದಾರಿ.

ಆಪರೇಟರ್ ಶಾಂತಕ್ಕ ಬೋರ್ಡು ಬಿಟ್ಟು ಓಡಿ ಬಂದಳು.

"ಬೋರ್ಡ್ ತುಂಬ ದೀಪ ಹತ್ಕಂಡವೆ ಕಣಪ್ಪ. ಕೇಳಿದ್ರೆ ಯಾರೂ ಮಾತಾಡಲ್ಲ. ನನ್ನ ದನಿ ಚಿತ್ರದುರ್ಗಕ್ಕೆ ಕೇಳಿಸ್ತಾನೇ ಇಲ್ಲ."

"ಬೋರಕ್ಕಂಗೆ ಹೇಳಿದ್ರೋ ಇಲ್ವೋ?"

"ಎಲ್ಲಿಂದ ಹೇಳ್ಲಿ? ಲೈನೇ ಸಾಯ್ತಾ ಐತೆ. ಹನ್ನೊಂದೂವರೆ ಬಸ್ ತಪ್ಪಿದ್ರೆ ಅವಳು ಅಪ್ಪನ ಮುಖ ನೋಡಂಗಿಲ್ಲ."

ಆಗಲೇ ಹತ್ತು ದಾಟಿತ್ತು. ನಾಗರಾಜಪ್ಪ ಶಾಂತಕ್ಕನನ್ನು ಹಿಂದೆ ಕೂರಿಸಿಕೊಂಡು ಸೈಕಲ್ ಹತ್ತಿದ.

*

ಮೊದಲ ಬ್ಯಾಟರಿ ರಾತ್ರಿಯೇ ಸೋತು, ಎಕ್ಸ್‌ಚೇಂಜು ಬದಲಿ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅದರ ತಂತಿ ಮುಟ್ಟಿದರೆ ಕೈ ಚುರ್ರೆಂದಿತು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಸಂತೆಯ ದಿನ ಊರೆಲ್ಲ ಒಟ್ಟಿಗೆ ಮಾತಾಡಿದರೂ ಅದು ಅಷ್ಟು ಏರಿದ್ದಿಲ್ಲ. ಕೇಬಲ್ಲಿನ ತಂತಿಗಳು ಎಲ್ಲಾದರೂ ತಗುಲಿಕೊಂಡು ಶಾರ್ಟಾಗಿದೆಯೇ ಎಂದು ಬೆವರು ಸುರಿಸಿ ಹುಡುಕಿದ. ಇಲ್ಲ. ಫ್ಯೂಸು ಕೀಳೋಣವೆಂದರೆ ಇಪ್ಪತ್ತು ಲೈನಿಗೊಂದು ಫ್ಯೂಸು. ಕಿತ್ತರೆ ಜೊತೆಗೆ ಆಸ್ಪತ್ರೆ, ಪೊಲೀಸು, ಟ್ರಂಕ್ ಲೈನು ಎಲ್ಲ ಸಾಯುತ್ತವೆ.

ಹೆಡ್‌ಫೋನು ಕಿವಿಗಿಟ್ಟು ಬೋರ್ಡಿನ ನಲವತ್ತನೇ ನಂಬರಿನ ತೂತಿಗೆ ಕಾರ್ಡು, ಅಂದರೆ ಲೈನು ಜೋಡಿಸುವ ವಯರು, ಚುಚ್ಚಿದ. ಗೋಡೆ ಗಡಿಯಾರದ ಟಿಕ್ ಟಿಕ್. ಐವತ್ತೆರಡರಲ್ಲಿ ಪಾರಿವಾಳದ ಗುಟುರು. ಹದಿನೇಳರಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಇವರ ಮನೆ ಹಾಳಾಗ! ರಿಸೀವರ್ ಎತ್ತಿಟ್ಟು ಸಾವಿಗೆ ಬಂದವ್ರೆ ಕಣಕ್ಕ! ವಾಪಸ್ ಇಡೋ ತನಕ ದೀಪಾನೂ ಆರಲ್ಲ, ಬ್ಯಾಟ್ರೀನೂ ಉಳಿಯಲ್ಲ!"

*

ಮೂರು ವರ್ಷದ ಹಿಂದೆ ಬೀರಪ್ಪನ ತಾಯಿ ತೀರಿಕೊಂಡಾಗ ಶವದ ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿತ್ತು. ದಾವಣಗೆರೆಯ ದಲಾಲರು ರೇಟು ಕೇಳುತ್ತಿದ್ದರು. ಪಾಲಯ್ಯ ಹೋಗಿ ರಿಸೀವರು ಎತ್ತಿ ಪಕ್ಕಕ್ಕಿಟ್ಟ. ಮನೆ ತಣ್ಣಗಾಯಿತು. ಅದನ್ನು ಕಂಡ ಪೇಟೆಯವರು, ಬೇಕಾದವರು ಯಾರು ಸತ್ತರೂ ಅಂಗಡಿ ಬಾಗಿಲು ಎಳೆದು ರಿಸೀವರು ಎತ್ತಿಡುವುದನ್ನು ಕಲಿತರು. ಪಾಲಯ್ಯ ಪ್ರತಿ ಸಲ ಸೈಕಲ್ಲಿನಲ್ಲಿ ಸುತ್ತಿ, ಬಾಗಿಲು ತೆಗೆಸಿ, ಒಂದೊಂದೇ ರಿಸೀವರನ್ನು ಸ್ವಸ್ಥಾನಕ್ಕಿಡುತ್ತಿದ್ದ.

"ಒಂದು ಸಲ ಮುಖಕ್ಕೆ ಉಗೀರಿ, ಬುದ್ಧಿ ಬರುತ್ತೆ" ಎಂದಿದ್ದ ನಾಗರಾಜಪ್ಪ.

"ದುಃಖ ತೋರ್ಸಾಕೆ ಅವ್ರಿಗೆ ಇನ್ನೇನು ಗೊತ್ತೈತಲೇ? ಬಿಡು." ಹಾಗೆಂದು ಪಾಲಯ್ಯ ಬೋರ್ಡಿನ ಕಡೆ ತಿರುಗಿದ್ದ. ಮಾತು ನಿಂತರೂ ಯಾರೂ ತೆಗೆಯದೆ ಮರೆತ ಕಾಲ್ ಒಂದು ಕಾರ್ಡು ಹಿಡಿದು ಕೂತಿತ್ತು. "ಮುಗೀತೇನ್ರಿ?" ಎಂದು ಮೂರು ಸಲ ಕೇಳಿ, ತಡೆದು, ಆಮೇಲೆ ಕಾರ್ಡು ಎಳೆದ. "ಆ ತುದೀಲಿ ಜನ ಅವ್ರೆ. ಕೇಳ್ದೆ ಕೀಳಬ್ಯಾಡ."

*

"ಲೇ, ಎಲ್ಲಾರೂ ಎದ್ದೋಗ್ರಿ! ಹೋಗಿ ರಿಸೀವರ್ ಇಡ್ರಿ!" ನಾಗರಾಜಪ್ಪ ಅಂಗಳದಲ್ಲಿ ನಿಂತು ಕಿರುಚಿದ. ತಮಟೆ ನಿಂತಿತು.

"ಮರ್ಯಾದೆಗೆ ಎತ್ತಿಟ್ಟಿದ್ದು ಕಣಯ್ಯ" ಎಂದ ಬೀರಪ್ಪ. "ಪಾಲಣ್ಣನೇ ಕಲಿಸಿದ್ದು. ಸಾವಿನ ಮನೇಲಿ ಎದ್ದೋಗು ಅಂತೀಯಲ್ಲ, ನಾಲಿಗೆ ಬಿದ್ದೋಗಲ್ವಾ?"

"ನಿನ್ನ ಮರ್ಯಾದೆ ಅವನ ಬ್ಯಾಟ್ರಿ ತಿಂತೈತೆ! ಮಗಳಿಗೆ ಫೋನೇ ಹೋಗ್ತಿಲ್ಲ!"

ಯಾರೂ ಕದಲಲಿಲ್ಲ. ಪಾಲಯ್ಯನ ಹೆಂಡತಿ ತಿಪ್ಪಮ್ಮ ಹೊಸ್ತಿಲಿಗೆ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಹೋಗ್ರಪ್ಪ. ನನ್ನ ಮಗಳು ಬರ್ಬೇಕು."

ಬೀರಪ್ಪ ಪಂಚೆ ಎತ್ತಿಕಟ್ಟಿದ. ಅವನ ಹಿಂದೆ ಪೇಟೆಯೇ ಓಡಿತು. ಹೆಣದ ಬಳಿ ಹೆಂಗಸರಷ್ಟೇ ಉಳಿದರು.

*

ದೀಪಗಳು ಒಂದೊಂದಾಗಿ ಆರಿದವು. ಮುಳ್ಳು ಇಳಿಯಿತು. "ಚಿತ್ರದುರ್ಗ, ಈಗ ಕೇಳಿಸ್ತೈತಾ? ಹೊಳಲ್ಕೆರೆ ಕೊಡಮ್ಮ, ಸಾವಿನ ಕಾಲ್" ಎಂದಳು ಶಾಂತಕ್ಕ. ಹನ್ನೊಂದೂಕಾಲಿಗೆ ಸುದ್ದಿ ಮುಟ್ಟಿತು.

ಬ್ಯಾಟರಿಯ ಬಿಸಿ ಮಾತ್ರ ಇಳಿಯಲಿಲ್ಲ. ಬಿಟ್ಟು ಹೋಗುವಂತಿರಲಿಲ್ಲ. ಹೆಗಲು ಕೊಡಬೇಕಾದವನು ಮೀಟರಿನ ಮುಂದೆ ಕೂತ, ಎದ್ದ, ತಂತಿ ಮುಟ್ಟಿದ, ಮತ್ತೆ ಕೂತ. ಮೂರಕ್ಕೆ ಹತ್ತು ನಿಮಿಷ ಇರುವಾಗ ಕಣ್ಣಿಗೆ ಬಿತ್ತು: ಒಂದು ದೀಪ ಇನ್ನೂ ಉರಿಯುತ್ತಿತ್ತು. ಹನ್ನೊಂದನೇ ನಂಬರು. ಪಾಲಯ್ಯನ ಮನೆ. ಹೆಣದ ಪಕ್ಕದ ಆ ಕರಿ ಫೋನಿನ ರಿಸೀವರನ್ನೂ ಯಾರೋ ಎತ್ತಿಟ್ಟಿದ್ದರು.

ಬೈಗುಳ ಬಾಯಿಗೆ ಬಂದಿತ್ತು. ಕಾರ್ಡು ಚುಚ್ಚಿದ.

ಹೆಂಗಸರ ಅಳು. ತಮಟೆ. ಯಾರೋ ಓಡಿ ಬಂದ ಸದ್ದು. "ಅಪ್ಪಾ, ಬಂದೆ ಕಣಪ್ಪಾ..." ಬೋರಕ್ಕನ ದನಿ ಕಿವಿ ತುಂಬಿತು. ಆಮೇಲೆ "ಎತ್ರಪ್ಪ, ಹೊತ್ತಾಯ್ತು" ಎಂದ ಬೀರಪ್ಪ. ತಮಟೆ ದೂರ ದೂರ ಹೋಯಿತು. ಕೊನೆಗೆ ನೆಲ ತೊಳೆಯುವ ನೀರಿನ ಸದ್ದೊಂದೇ ಉಳಿಯಿತು.

"ಕೀಳಪ್ಪ, ಪಾಪ ಬ್ಯಾಟ್ರಿ" ಎಂದಳು ಶಾಂತಕ್ಕ.

ನಾಗರಾಜಪ್ಪ ಕಾರ್ಡು ಹಿಡಿದ. "ಮುಗೀತೇನಣ್ಣ?" ಎಂದ. ತಡೆದ. "ಮುಗೀತೇನಣ್ಣ?"

ಮೂರನೇ ಸಲ ಕೇಳಲಿಲ್ಲ. ಕಾರ್ಡು ಅವನ ಬೆರಳಲ್ಲೇ ಇತ್ತು, ದೀಪ ಉರಿಯುತ್ತಲೇ ಇತ್ತು.