ಹೇಳಿಕೊಟ್ಟ ಸೊನ್ನೆ

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಎಲ್ಲರೂ ಪಿಟೀಲು ಎಂದೇ ಕರೆಯುವುದು. ಚಿಕ್ಕಂದಿನಲ್ಲಿ ಒಂದು ರಾಗ ಹಿಡಿದರೆ ಬಿಡುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಆ ಹಟವೆಲ್ಲ ಗಣಿತಕ್ಕೆ ಹೋಯಿತು. ಗಣಿತದ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು ನನ್ನ ಕಸುಬು, ಹಾಗಾಗಿ ಅವಳ ಸಂಶೋಧನಾ ಪ್ರಬಂಧ ನನ್ನ ಮೇಜಿಗೇ ಬಂತು. ಬೇರೆಯವರಿಗೆ ಕೊಟ್ಟಿದ್ದರೆ ನಾನು ಅವಳ ಮುಖ ನೋಡುತ್ತಿರಲಿಲ್ಲ.

ನನ್ನ ಕೋಣೆಯಲ್ಲಿ ಉತ್ತರವನ್ನು ಯಾರೂ ಕೈಯಿಂದ ಬರೆಯುವಂತಿಲ್ಲ. ಪುಟದೊಳಗೆ ಲೆಕ್ಕವನ್ನಷ್ಟೇ ಬರೆದಿಡಬೇಕು. ಮೊದಲ ಸಲ ಪುಟ ಕಟ್ಟಿದಾಗ ಉತ್ತರದ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಬಂದು ಕೂರುತ್ತವೆ. ಆಮೇಲೆ ಕಂಪ್ಯೂಟರು ಲೆಕ್ಕ ಮಾಡುತ್ತದೆ. ಎರಡನೆಯ ಸಲ ಕಟ್ಟಿದಾಗ ಚಿಹ್ನೆಗಳು ಎದ್ದುಹೋಗಿ ಉತ್ತರ ಕೂರುತ್ತದೆ. ತಾ ಮಾಡಿದ್ದು ಉತ್ತಮ ಎಂಬ ಗಾದೆ ನನ್ನ ಹತ್ತಿರ ನಡೆಯುವುದಿಲ್ಲ. ಕೈ ಯಾವಾಗಲೂ ಮನಸ್ಸಿಗೆ ಬೇಕಾದ್ದನ್ನೇ ಬರೆಯುತ್ತದೆ.

ಆ ಮಧ್ಯಾಹ್ನ ಪ್ರಬಂಧದ ಎಲ್ಲ ಜಾಗಗಳೂ ತುಂಬಿ, ಕೊನೆಯ ಅಧ್ಯಾಯದ ಒಂದು ಜಾಗ ಮಾತ್ರ ಉಳಿದಿತ್ತು. ಒಂದು ಅಲೆಯನ್ನು ಕಾಲದಲ್ಲಿ ಮುಂದಕ್ಕೆ ಬಿಟ್ಟರೂ ಹಿಂದಕ್ಕೆ ಬಿಟ್ಟರೂ ಅದು ಹೊರಟಲ್ಲಿಗೇ ಬಂದು ಸೇರುತ್ತದೆ, ಏನೂ ಉಳಿಯುವುದಿಲ್ಲ ಎಂಬುದು ಅವಳ ಸಿದ್ಧಾಂತ. ಉಳಿಕೆ ಸೊನ್ನೆ ಬಂದರೆ ಅಧ್ಯಾಯ ನಿಲ್ಲುತ್ತದೆ, ಇಲ್ಲದಿದ್ದರೆ ವರ್ಷಗಳ ಕೆಲಸ ನೀರಿನಲ್ಲಿ ಹೋಮ. ಸಂಜೆಯೊಳಗೆ ಪ್ರತಿ ಕೈಸೇರಬೇಕೆಂದು ಅವಳ ಮಾರ್ಗದರ್ಶಕರು ಕಾಯುತ್ತಿದ್ದರು.

"ಚಿಕ್ಕಮ್ಮ, ಕಾಗದದ ಮೇಲೆ ಎಷ್ಟೋ ಸಲ ಮಾಡಿದ್ದೀನಿ. ಸೊನ್ನೆ ಅಂತ ಬರೆದುಬಿಡೋಣ," ಎಂದಳು.

"ಬರೆಯೋದಾದ್ರೆ ಬೇರೆ ಅಂಗಡಿ ನೋಡ್ಕೋ," ಎಂದೆ.

ಲೆಕ್ಕ ಉದ್ದವಾಗಿತ್ತು. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ಕಾಗದದ ಕಟ್ಟುಗಳ ಮೇಲೆ ಒರಗಿಕೊಂಡಿತು. ಯಂತ್ರದ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪರದೆಯ ಮೇಲಿನ ಆ ಎರಡು ಚಿಹ್ನೆಗಳನ್ನು ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತಿತು. ನಾನು ಪುಟದ ಅಂಚಿನ ಬಿಳಿಯಲ್ಲಿ ಚಪ್ಪಲಿ ಬಿಟ್ಟು ನಡೆಯುತ್ತಿದ್ದೆ. ಸಾಲುಗಳ ನಡುವೆ ತಂಪು ಗಾಳಿ ಇತ್ತು. ಅಕ್ಷರಗಳು ಸಂಜೆ ವಾಕಿಂಗಿಗೆ ಹೊರಟವರ ಹಾಗೆ ನಿಧಾನವಾಗಿ ಎದುರಾಗುತ್ತಿದ್ದವು, ಯಾವುದಕ್ಕೂ ಅವಸರವಿರಲಿಲ್ಲ. ಒಂದು ಆವರಣದೊಳಗೆ ನಮ್ಮಕ್ಕ ಕೂತು ಪಿಟೀಲಿಗೆ ಜಡೆ ಹಾಕುತ್ತಿದ್ದಳು. ಹತ್ತಿರ ಹೋಗೋಣ ಎಂದುಕೊಂಡೆ, ಆವರಣ ಮುಚ್ಚಿತ್ತು. ಹೊರಗೆ ನಿಂತು ನೋಡುವುದೇ ನನಗೆ ಎಷ್ಟು ಸುಖವಾಗಿತ್ತೆಂದರೆ, ಫ್ಯಾನಿನ ಸದ್ದು ನಿಂತು ಎಚ್ಚರವಾದಾಗ ಸಿಟ್ಟೇ ಬಂತು.

ಪಿಟೀಲೂ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳನ್ನು ಎಬ್ಬಿಸದೆ ಎರಡನೆಯ ಸಲ ಪುಟ ಕಟ್ಟಿದೆ. ಚಿಹ್ನೆಗಳು ಹೋದವು. ಸೊನ್ನೆ ಬರಲಿಲ್ಲ. ಕಂಪ್ಯೂಟರು t ಎಂಬ ಅಕ್ಷರವನ್ನು ವರ್ಗ ಮಾಡಿ, ಅದರ ವರ್ಗಮೂಲ ತೆಗೆದು, ಅದರಿಂದ t ಕಳೆದು, ಹಾಗೇ ಬಿಟ್ಟಿತ್ತು. ಅವಳ ಹೆಗಲು ಮುಟ್ಟಿ ಎಬ್ಬಿಸಿದೆ.

ಅವಳು ನೋಡಿ ನಕ್ಕುಬಿಟ್ಟಳು. "ಅಯ್ಯೋ, ಇಷ್ಟೇನಾ. ವರ್ಗಕ್ಕೂ ಮೂಲಕ್ಕೂ ವಜಾ. ಕೈಯಲ್ಲಿ ಮಾಡೋವಾಗ ನಾವೆಲ್ಲ ಕಣ್ಮುಚ್ಚಿ ಹೊಡೆದುಹಾಕ್ತೀವಿ. t ಧನಸಂಖ್ಯೆ ಅಂತ ಇದಕ್ಕೆ ಹೇಳಬೇಕು, ಇಲ್ಲದಿದ್ರೆ ಇದು ಹೊಡೆಯಲ್ಲ."

"ಹಾಗಾದ್ರೆ ಹೇಳು."

ಒಂದು ಸಾಲು ಸೇರಿಸಿದಳು. ಉದ್ದದ ಲೆಕ್ಕ ಮುಗಿದೇ ಇದ್ದುದರಿಂದ ಈ ಸಲ ಕಾಯಬೇಕಾಗಲಿಲ್ಲ. ಪುಟದ ನಡುವೆ ಸೊನ್ನೆ ಬಂದು ಕೂತಿತು, ದುಂಡಗೆ, ಅಚ್ಚುಕಟ್ಟಾಗಿ. ನನಗೆ ಹೋದ ಜೀವ ಬಂದಂತಾಯಿತು. ಪ್ರಿಂಟರಿಗೆ ಕಾಗದ ತುಂಬಿದೆ.

ಪಿಟೀಲು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಪರದೆ ನೋಡುತ್ತಲೇ ಇದ್ದಳು.

"t ಅಂದ್ರೆ ಕಾಲ, ಚಿಕ್ಕಮ್ಮ."

"ಗೊತ್ತಮ್ಮ, ನಾನೇ ಅಲ್ವಾ ಪುಟ ಕಟ್ಟಿದ್ದು."

"ಧನ ಅಂದ್ರೆ ಮುಂದಕ್ಕೆ ಹೋಗೋದು. ನಾನು ಹಿಂದಕ್ಕೂ ಹೋಗಬಹುದು ಅಂದಿದ್ದೆ. ಹಿಂದಕ್ಕೆ ಹೋದ್ರೆ t ಋಣ, ಆಗ ವಜಾ ಆಗಲ್ಲ. ಕಾಲದ ಎರಡರಷ್ಟು ಉಳಿಯುತ್ತೆ."

ಪ್ರಿಂಟರು ಕಾಗದ ಎಳೆದುಕೊಳ್ಳಲು ಸಿದ್ಧವಾಗಿ ಹಸಿರು ದೀಪ ತೋರಿಸುತ್ತಿತ್ತು. ಆ ಒಂದು ಸಾಲು ಪುಟದ ಮೇಲೆ ಕಾಣುವಂಥದ್ದಲ್ಲ, ಲೆಕ್ಕದೊಳಗೆ ಅಡಗಿರುವಂಥದ್ದು. ಓದುವವರಿಗೆ ಸೊನ್ನೆಯಷ್ಟೇ ಕಾಣುತ್ತದೆ. ಅದು ಕೈಯಿಂದ ಬರೆದದ್ದೂ ಅಲ್ಲ, ನನ್ನ ನಿಯಮ ಮುರಿದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅವಳು ಸುಮ್ಮನಿದ್ದುಬಿಡಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು.

"ಲೆಕ್ಕ ಅದೇ ಮಾಡಿದ್ದಲ್ವಾ," ಎಂದೆ.

"ಮಾಡ್ತು. ಆದ್ರೆ ಇದು ನಾನು ಹೇಳಿಕೊಟ್ಟ ಸೊನ್ನೆ."

ಆ ಸಾಲನ್ನು ಅಳಿಸಿ ತಾನೇ ಮತ್ತೆ ಪುಟ ಕಟ್ಟಿದಳು. ಸೊನ್ನೆ ಹೋಗಿ ಉಳಿಕೆ ಬಂತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅವಳು ಫೋನು ತೆಗೆದುಕೊಂಡು ಮಾರ್ಗದರ್ಶಕರ ನಂಬರು ಒತ್ತಿದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಸರ್, ಕೊನೇ ಅಧ್ಯಾಯ ಇವತ್ತು ಬರಲ್ಲ," ಎಂದಳು. "ಹಿಂದಕ್ಕೆ ಹೋದ್ರೆ ಏನೋ ಉಳಿಯುತ್ತೆ. ಅದೇನು ಅಂತ ನೋಡಬೇಕು."