ಮೂರನೇ ಹಾಡಿನ ಬಳೆ ಸದ್ದು

ಮೂವತ್ತು ವರ್ಷ ಬೇರೆಯವರ ಹಾಡಿಗೆ ಹಿಂದೆ ನಿಂತು ‘ಆ...’ ಅಂದವಳಿಗೆ ಕೊನೆಗೂ ಒಂದು ಕಾಲ ಬಂದಿತ್ತು. ಸೋಮವಾರ ಅವಳದೇ ಎಂಟು ಹಾಡಿನ ಆಲ್ಬಮ್ ಬಿಡುಗಡೆ. ಮುಖಪುಟದ ಮೇಲೆ ಅವಳ ಹೆಸರು, ಅದೂ ದಪ್ಪಕ್ಷರದಲ್ಲಿ! ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಬರೀ ‘ಕೋರಸ್ ಅಮ್ಮ’. ಇನ್ನು ಅದಕ್ಕೆ ಎಳ್ಳುನೀರು ಬಿಟ್ಟಂತೆಯೇ ಅಂದುಕೊಂಡು ಹೊಸ ಬಟ್ಟೆ ಹೊಲಿಯಲು ಕೊಟ್ಟಿದ್ದಳು.

ಗುರುವಾರ ಬಟ್ಟೆ ತರಲು ಹೋದರೆ, ಟೈಲರ್ ಮೊಬೈಲಿನಲ್ಲಿ ಹಾಡುತ್ತಿದ್ದವಳು ತಾನೇ!

“ಇದೆಲ್ಲಿ ಸಿಕ್ತಪ್ಪಾ?”

“ನೆಟ್‌ನಲ್ಲಿ ಪುಕ್ಕಟೆ ಇಳಿಸ್ಕೊಂಡೆ ಅಮ್ಮಾ. ಎಂಟೂ ಇದೆ. ನಿಮಗೂ ಕಳಿಸ್ಲಾ?”

“ಹಾಡಿದ್ದು ನಾನು ಕಣಯ್ಯಾ!”

ಟೈಲರ್ ಹಲ್ಲು ಕಿರಿದ. “ಹಾಗಾದ್ರೆ ಮ್ಯೂಸಿಕ್ಕು ನಂದೇ ಬಿಡಿ.”

ಬಟ್ಟೆ ಅಲ್ಲೇ ಬಿಟ್ಟು ಹೊರಬಿದ್ದಳು. ದಾರಿಯಲ್ಲೇ ಆಲ್ಬಮ್ ಕಂಪನಿಯವರ ಫೋನು: “ಊರಿಗೆಲ್ಲ ಹಂಚಿಹೋದ ಮೇಲೆ ನಾವೇನು ಮಾರೋದಮ್ಮಾ? ಬಿಡುಗಡೆ ಇಲ್ಲ.” ಅಷ್ಟೇ. ಮೂವತ್ತು ವರ್ಷ ನೀರಲ್ಲಿ ಹೋಮ!

ನೆಟ್ಟಗೆ ಸ್ಟುಡಿಯೋಗೆ ನುಗ್ಗಿ ರೆಕಾರ್ಡಿಂಗ್ ಮಾಡಿದವನ ಮೇಲೆ ಹರಿಹಾಯ್ದಳು. “ಉಂಡ ಮನೆಗೆ ಎರಡು ಬಗೆದೆಯಲ್ಲೋ!”

ಅವನು ಕುರ್ಚಿ ಎಳೆದು ಕೊಟ್ಟ. ಹೊರಗೆ ಹೋಗಿದ್ದ ಪ್ರತಿಗಳು ಮೂರೇ: ಕಂಪನಿಗೊಂದು, ಮುಖಪುಟ ಬರೆಯುವವನಿಗೊಂದು, ಅವಳಿಗೊಂದು. ಕದ್ದವರು ಸಿಕ್ಕಿಬೀಳಲಿ ಅಂತ ಪ್ರತಿಯೊಂದರಲ್ಲೂ ಬೇರೆಬೇರೆ ಗುರುತು ಬಿಟ್ಟಿದ್ದ. ನೆಟ್‌ನಲ್ಲಿದ್ದ ಮೂರನೇ ಹಾಡು ಹಾಕಿದ. ಶುರುವಿನಲ್ಲೇ ಬಳೆ ‘ಕಿಣ್’ ಅಂದಿತು.

“ರೆಕಾರ್ಡಿಂಗ್ ದಿನ ನೀವು ಬಳೆ ತೆಗೆಯೋದು ಮರೆತಿದ್ರಿ. ಈ ಸದ್ದು ಉಳಿಸಿದ್ದು ನಿಮ್ಮ ಪ್ರತಿಯಲ್ಲಿ ಮಾತ್ರ ಅಮ್ಮಾ.”

ಅವಳ ಪ್ರತಿ ಕೇಳಿದವನು ಒಬ್ಬನೇ, ಮನೆಯಲ್ಲೇ ಇದ್ದ ಅಳಿಯ. ‘ಮೊದಲು ನಾನು ಕೇಳ್ಬೇಕು ಅತ್ತೆ’ ಅಂತ ಗೋಗರೆದಿದ್ದ. ಇವಳೂ ಉಬ್ಬಿಹೋಗಿ ಕೊಟ್ಟಿದ್ದಳು, ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮನೆಗೆ ಓಡಿದಳು.

“ಹೌದು ಅತ್ತೆ, ನಾನೇ ಹಾಕಿದ್ದು,” ಅಂದ ಅಳಿಯ, ಸೋಫಾದಿಂದ ಏಳದೆ. “ನಿಮಗೆ ಪ್ರಚಾರ ಸಿಗ್ಲಿ ಅಂತ. ನೋಡಿ, ನಲವತ್ತು ಸಾವಿರ ಜನ ಇಳಿಸ್ಕೊಂಡಿದ್ದಾರೆ!”

ಮೊಬೈಲು ಕಸಿದು ನೋಡಿದಳು. ಹಾಕಿದವರು: ‘ರಾಗರಾಜ’, ಅಳಿಯ ನೆಟ್‌ನಲ್ಲಿ ಇಟ್ಟುಕೊಂಡ ಹೆಸರು. ಕೆಳಗೆ ಸಾಲುಸಾಲಾಗಿ ‘ಥ್ಯಾಂಕ್ಸ್ ರಾಗರಾಜಾ’, ‘ನಿನ್ನ ಹೊಟ್ಟೆ ತಣ್ಣಗಿರಲಿ ರಾಗರಾಜಾ’. ಹಾಡಿದವರು: ಗೊತ್ತಿಲ್ಲ.

“ನನ್ನ ಹೆಸರೆಲ್ಲಿ?”

“ನಿಮ್ಮ ಹೆಸರು ಹಾಕಿದ್ರೆ ನಾನು ಸಿಕ್ಕಿಬೀಳ್ತಿದ್ದೆ ಅತ್ತೆ...”

ಸಿಟ್ಟು ನೆತ್ತಿಗೇರಿತು. “ಹಾಳಾದವನೇ! ಕಳ್ಳತನ ನಿಂದು, ಹೆಸರು ಹೋಗಿದ್ದು ನಂದು! ಹೊರಗಿನವರು ಹಿಂದಿನ ಸಾಲಲ್ಲಿ ನಿಲ್ಲಿಸಿದ್ರು, ಸಹಿಸ್ಕೊಂಡೆ. ನೀನು ಮನೆಯೊಳಗೇ ಇದ್ದು ಆ ಸಾಲಿಂದಲೂ ಆಚೆ ದಬ್ಬಿದೆಯಲ್ಲೋ!”

ಈಗಲೇ ಹೆಸರು ಸೇರಿಸ್ತೀನಿ ಅಂತ ತಡಬಡಾಯಿಸಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಅಷ್ಟರಲ್ಲಿ ಹಾಡು ನೂರು ಕಡೆ ಹೋಗಿತ್ತು.

ಸೋಮವಾರ ಬಟ್ಟೆ ತರಲು ಹೋದಳು. ಟೈಲರ್ ಅಂಗಡಿಯಲ್ಲಿ ಅದೇ ಮೂರನೇ ಹಾಡು.

“ನಿಲ್ಲಿಸು ಅದನ್ನ.”

ನಿಲ್ಲಿಸಿದ. ಅವಳು ಮೇಜಿನ ಮುಂದೆ ನಿಂತಲ್ಲೇ ಹಾಡನ್ನು ಮೊದಲಿಂದ ಎತ್ತಿಕೊಂಡಳು, ಕೈ ಬೀಸಿ, ಗಂಟಲು ಬಿಚ್ಚಿ. ಬಳೆ ಸದ್ದಾಯಿತು. ಹೊಲಿಗೆ ಯಂತ್ರ ನಿಂತಿತು, ಬೀದಿಯಲ್ಲಿ ಹೋಗುವವರೂ ನಿಂತರು. ಹಾಡು ಮುಗಿಯುವವರೆಗೆ ಟೈಲರ್ ತೆರೆದ ಬಾಯಿ ಮುಚ್ಚಲಿಲ್ಲ.

“ಅಮ್ಮಾ... ನಿಮ್ಮ ಹೆಸರೇನು?”

ಹೇಳಿದಳು. “ಬರ್ಕೋ. ದಪ್ಪಕ್ಷರದಲ್ಲಿ.”

ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡ.

“ಅದು ಬೇಡ,” ಅಂದಳು. “ಅಳಿಸಿಹೋಗುತ್ತೆ. ಪೆನ್ನು ತಗೋ.”